ಶಾಸಕರು ಸದನದಲ್ಲಿ ಸಚಿವರಿಗೆ ಕೇಳುವ ಪ್ರಶ್ನೆಗಳಿಂದ ಊರಿಗೆ ಪ್ರಯೋಜನವಿದೆಯೇ?

ನಿಮ್ಮ ಕ್ಷೇತ್ರದ ಶಾಸಕರು ತಾಲ್ಲೂಕು ಆಸ್ಪತ್ರೆಯ ಖಾಲಿ ಹುದ್ದೆಗಳು ಮತ್ತು ಅರ್ಧಕ್ಕೆ ನಿಂತ ರಸ್ತೆ ಕಾಮಗಾರಿಯ ಕುರಿತು ವಿಧಾನಸಭೆಯಲ್ಲಿ ಪ್ರಶ್ನೆ ಕೇಳಿದ ವಿಡಿಯೊ ನೋಡಿದ್ದಾಗಿಯೂ, ಸಚಿವರು ‘ಶೀಘ್ರ ಕ್ರಮ ಕೈಗೊಳ್ಳುತ್ತೇವೆ’ ಎಂದು ಹೇಳಿ ಕುಳಿತಿದ್ದಾಗಿಯೂ ಬರೆದಿದ್ದೀರಿ. ಇದರಿಂದ ಊರಿಗೆ ನಿಜವಾಗಿ ಏನಾದರೂ ದಕ್ಕುತ್ತದೆಯೇ, ಇಲ್ಲವೇ ಮತದಾರರಿಗೆ ತೋರಿಸಲೆಂದಷ್ಟೇ ಕೇಳುತ್ತಾರೆಯೇ ಎಂಬುದು ನಿಮ್ಮ ಪ್ರಶ್ನೆ.

ನಾನು ಕಲ್ಯಾಣ ಕರ್ನಾಟಕದ ಒಂದು ಜಿಲ್ಲಾ ಮಟ್ಟದ ಕಚೇರಿಯಲ್ಲಿ ವಿಷಯ ನಿರ್ವಾಹಕನಾಗಿದ್ದು, ಅಧೀಕ್ಷಕನಾಗಿ ನಿವೃತ್ತನಾದವನು. ಅಧಿವೇಶನದ ಪ್ರಶ್ನೆಗಳಿಗೆ ಜಿಲ್ಲೆಯಿಂದ ಹೋಗಬೇಕಾದ ಮಾಹಿತಿಯನ್ನು ಕ್ರೋಡೀಕರಿಸಿ ಕಳುಹಿಸುವುದು ನನ್ನ ಟೇಬಲ್ಲಿನ ಕೆಲಸವಾಗಿತ್ತು. ಆ ಅನುಭವದ ಮೇಲೆ ಹೇಳುವುದಾದರೆ, ಪ್ರಯೋಜನ ಖಂಡಿತ ಇದೆ. ಆದರೆ ಅದು ವಿಡಿಯೊದಲ್ಲಿ ಕಾಣುವ ವಾಗ್ವಾದದಲ್ಲಿರುವುದಕ್ಕಿಂತ ಹೆಚ್ಚಾಗಿ ಸಚಿವರು ಸದನಕ್ಕೆ ಒದಗಿಸುವ ಲಿಖಿತ ಉತ್ತರದಲ್ಲಿ, ಅದರಲ್ಲಿಯೂ ಉತ್ತರದ ಹಿಂದೆ ಲಗತ್ತಿಸುವ ಅನುಬಂಧದಲ್ಲಿ ಇರುತ್ತದೆ.

ಮೊದಲು ಪ್ರಶ್ನೆಯೊಂದು ಹೇಗೆ ಸಾಗುತ್ತದೆ ಎಂಬುದನ್ನು ಹೇಳುತ್ತೇನೆ. ಶಾಸಕರು ವಿಧಾನಸಭೆಯ ಸಚಿವಾಲಯಕ್ಕೆ ಪ್ರಶ್ನೆಯ ಸೂಚನೆ ಕೊಡುತ್ತಾರೆ. ಸಚಿವರು ಸದನದಲ್ಲಿಯೇ ಎದ್ದು ಉತ್ತರಿಸಬೇಕಾದದ್ದು ಚುಕ್ಕೆ ಗುರುತಿನ ಪ್ರಶ್ನೆ, ಲಿಖಿತ ಉತ್ತರವಷ್ಟೇ ದೊರೆಯುವುದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಅಂಗೀಕಾರವಾದ ಪ್ರಶ್ನೆಯು ಇಲಾಖೆಯ ಕಾರ್ಯದರ್ಶಿಯಿಂದ ಆಯುಕ್ತರಿಗೆ ಅಥವಾ ನಿರ್ದೇಶಕರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದು ಬರುತ್ತದೆ. ‘ಎಲ್‌ಎಕ್ಯೂ (ವಿಧಾನಸಭಾ ಪ್ರಶ್ನೆ) ಬಂದಿದೆ, ಸಂಜೆಯೊಳಗೆ ಮಾಹಿತಿ ಬೇಕು’ ಎಂಬ ಮಾತು ಕಚೇರಿಯಲ್ಲಿ ಕೇಳಿಬಂದರೆ ಉಳಿದೆಲ್ಲ ಕಡತಗಳು ಪಕ್ಕಕ್ಕೆ ಸರಿಯುತ್ತವೆ. ಸಾರ್ವಜನಿಕರು ವರ್ಷಗಟ್ಟಲೆ ಕೊಟ್ಟ ಅರ್ಜಿಗಳಿಗೆ ಸಿಗದ ಗಮನ ಅದಕ್ಕೆ ಸಿಗುತ್ತದೆ. ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪದ, ಪ್ರಶ್ನೆ ಏಳಬಹುದು, ಅದರ ಬಿಸಿ ಸಚಿವರಿಂದ ಹಿಡಿದು ಮಾಹಿತಿ ಬರೆದುಕೊಟ್ಟ ನೌಕರನವರೆಗೆ ತಟ್ಟುತ್ತದೆ ಎಂಬುದು ಅದಕ್ಕೆ ಕಾರಣ.

ಉತ್ತರ ಸಿದ್ಧವಾಗುವುದು ಎರಡು ಅಂಕಣಗಳ ಒಂದು ಹಾಳೆಯಲ್ಲಿ. ಎಡಗಡೆ ಪ್ರಶ್ನೆಯ ಅ, ಆ, ಇ, ಈ ಭಾಗಗಳು, ಬಲಗಡೆ ಅವುಗಳ ಎದುರಿಗೆ ಉತ್ತರ, ಕೊನೆಗೆ ಕಡತದ ಸಂಖ್ಯೆ ಮತ್ತು ಸಚಿವರ ಸಹಿ. ‘ತಾಲ್ಲೂಕು ಆಸ್ಪತ್ರೆಯಲ್ಲಿ ಸಿಬ್ಬಂದಿಯ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ‘ಬಂದಿದೆ’ ಎಂಬ ಒಂದೇ ಪದದ ಉತ್ತರ ಸಾಕು. ‘ಬಂದಿದ್ದಲ್ಲಿ, ಯಾವಾಗ ಭರ್ತಿ ಮಾಡಲಾಗುವುದು?’ ಎಂದರೆ ‘ಆರ್ಥಿಕ ಇಲಾಖೆಯ ಸಹಮತಿ ಪಡೆದು ಹಂತಹಂತವಾಗಿ ಭರ್ತಿ ಮಾಡಲು ಕ್ರಮವಹಿಸಲಾಗುವುದು’ ಎಂಬ ವಾಕ್ಯ ಸಿದ್ಧವಾಗಿಯೇ ಇರುತ್ತದೆ. ರಸ್ತೆಯ ವಿಷಯವಾದರೆ ‘ಅನುದಾನದ ಲಭ್ಯತೆಗನುಗುಣವಾಗಿ’ ಎಂಬ ಮಾತು ಬರುತ್ತದೆ. ಇವು ಸುಳ್ಳು ಉತ್ತರಗಳಲ್ಲ, ಆದರೆ ಇವುಗಳಿಂದ ಯಾರೂ ಯಾವುದಕ್ಕೂ ಬದ್ಧರಾಗುವುದಿಲ್ಲ. ಹೀಗಾದಾಗ ದೋಷ ಸಚಿವರದ್ದಷ್ಟೇ ಅಲ್ಲ, ಪ್ರಶ್ನೆ ಕಟ್ಟಿದ ರೀತಿಯದ್ದೂ ಹೌದು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಅದೇ ಆಸ್ಪತ್ರೆಯ ಬಗ್ಗೆ ಬೇರೆ ರೀತಿಯಲ್ಲಿ ಕೇಳಬಹುದು. ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವು ಎಷ್ಟು, ಭರ್ತಿಯಾದವರಲ್ಲಿ ಕಾಯಂ ನೌಕರರು, ಗುತ್ತಿಗೆಯವರು, ಹೊರಗುತ್ತಿಗೆಯವರು ಎಷ್ಟೆಷ್ಟು ಎಂದು ಕೇಳಬೇಕು. ಇಲ್ಲಿಂದ ವೇತನ ಪಡೆಯುತ್ತ ನಿಯೋಜನೆಯ ಮೇಲೆ ಬೇರೆ ಊರಿನಲ್ಲಿ ಕೆಲಸ ಮಾಡುತ್ತಿರುವವರು ಎಷ್ಟು ಮಂದಿ, ಯಾವ ದಿನಾಂಕದ ಯಾರ ಆದೇಶದ ಮೇರೆಗೆ ಎಂಬುದನ್ನೂ ಹುದ್ದೆವಾರು ಕೇಳಬೇಕು. ಈ ಕೊನೆಯ ಭಾಗವನ್ನು ಬಹಳಷ್ಟು ಶಾಸಕರು ಕೇಳುವುದೇ ಇಲ್ಲ. ದಾಖಲೆಯಲ್ಲಿ ಸ್ತ್ರೀರೋಗ ತಜ್ಞರ ಹುದ್ದೆ ‘ಭರ್ತಿ’ ಎಂದೇ ಇರುತ್ತದೆ. ವೈದ್ಯರು ಮಾತ್ರ ನಿಯೋಜನೆಯ ಮೇಲೆ ಜಿಲ್ಲಾ ಕೇಂದ್ರದಲ್ಲಿರುತ್ತಾರೆ, ಹೆರಿಗೆಗೆ ಬಂದವರನ್ನು ಆಂಬುಲೆನ್ಸಿನಲ್ಲಿ ಅಲ್ಲಿಗೇ ಕಳುಹಿಸಲಾಗುತ್ತದೆ. ಹೆಸರು, ದಿನಾಂಕ, ಆದೇಶ ಸಂಖ್ಯೆ ಕೇಳಿದ ಪ್ರಶ್ನೆಯ ಎದುರು ಸಿದ್ಧ ವಾಕ್ಯಗಳು ನಿಲ್ಲುವುದಿಲ್ಲ.

ಹಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆಯವ್ಯಯದಲ್ಲಿ ಹಂಚಿಕೆಯಾದ ಮೊತ್ತ, ಬಿಡುಗಡೆಯಾದ ಮೊತ್ತ, ವೆಚ್ಚವಾದ ಮೊತ್ತ, ಇವು ಮೂರೂ ಬೇರೆ ಬೇರೆ. ಸಭೆ ಸಮಾರಂಭಗಳಲ್ಲಿ ಕೇಳಿಬರುವುದು ಮೊದಲನೆಯದು. ‘ಈ ಕ್ಷೇತ್ರಕ್ಕೆ ಎಷ್ಟು ಅನುದಾನ ನೀಡಲಾಗಿದೆ?’ ಎಂದು ಮೊಟಕಾಗಿ ಕೇಳಿದರೆ ಮೂರರಲ್ಲಿ ದೊಡ್ಡದಾದ ಅಂಕಿಯೇ ಉತ್ತರವಾಗಿ ಬರುತ್ತದೆ. ಆದ್ದರಿಂದ ಲೆಕ್ಕಶೀರ್ಷಿಕೆವಾರು, ವರ್ಷವಾರು, ಕಾಮಗಾರಿವಾರು ಮೂರನ್ನೂ ಕೇಳಬೇಕು. ರಸ್ತೆ ಮತ್ತು ಸೇತುವೆಗಳ ಬಂಡವಾಳ ವೆಚ್ಚ 5054 ಎಂಬ ಲೆಕ್ಕಶೀರ್ಷಿಕೆಯ ಅಡಿಯಲ್ಲಿ, ಅವುಗಳ ನಿರ್ವಹಣೆ 3054ರ ಅಡಿಯಲ್ಲಿ ಬರುತ್ತದೆ ಎಂಬಷ್ಟು ತಿಳಿದಿದ್ದರೂ ಪ್ರಶ್ನೆಗೆ ಹಿಡಿತ ಸಿಗುತ್ತದೆ. ಇದರ ಜೊತೆಗೆ, ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ಇರುವ 1999ರ ಕಾಯಿದೆಯ 4(ಜಿ) ವಿನಾಯಿತಿ ಪಡೆದು, ಟೆಂಡರ್ ಇಲ್ಲದೆ ಯಾವ ಕಾಮಗಾರಿಗಳನ್ನು ಯಾವ ಸಂಸ್ಥೆಗೆ ವಹಿಸಲಾಗಿದೆ ಎಂಬುದನ್ನೂ ಸೇರಿಸಬಹುದು.

ವೆಚ್ಚ ಎಂಬ ಅಂಕಣವನ್ನೂ ಪೂರ್ತಿ ನಂಬುವಂತಿಲ್ಲ. ಮಾರ್ಚ್ ತಿಂಗಳ ಕೊನೆಗೆ ಅನುದಾನ ಬಳಕೆಯಾಗದೆ ವ್ಯಪಗತವಾಗಬಾರದೆಂದು (ಕೈತಪ್ಪಿ ಹೋಗಬಾರದೆಂದು) ಕಾಮಗಾರಿ ನಡೆಸುವ ಸಂಸ್ಥೆಯ ಖಾತೆಗೆ ಹಣ ವರ್ಗಾಯಿಸಿದರೆ, ಖಜಾನೆಯ ಲೆಕ್ಕದಲ್ಲಿ ಅದು ವೆಚ್ಚವಾಗಿಬಿಡುತ್ತದೆ, ಸ್ಥಳದಲ್ಲಿ ಪಾಯ ತೋಡಿರದಿದ್ದರೂ ಸರಿ. ಆರ್ಥಿಕ ಪ್ರಗತಿ ಮತ್ತು ಭೌತಿಕ ಪ್ರಗತಿ ಎಂದು ನಾವು ಪ್ರಗತಿ ಪರಿಶೀಲನಾ ವರದಿಗಳಲ್ಲಿ ಬೇರೆ ಬೇರೆ ಅಂಕಣ ಹಾಕುತ್ತಿದ್ದುದು ಇದಕ್ಕಾಗಿಯೇ. ಒಮ್ಮೆ ನಮ್ಮ ಜಿಲ್ಲೆಯ ಶಾಸಕರೊಬ್ಬರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವಸತಿಗೃಹಗಳ ಬಗ್ಗೆ ಕೇಳಿದ ಪ್ರಶ್ನೆಯಲ್ಲಿ, ಕಟ್ಟಡ ಪೂರ್ಣಗೊಂಡ ದಿನಾಂಕದ ಪಕ್ಕದಲ್ಲಿ ‘ಹಸ್ತಾಂತರವಾದ ದಿನಾಂಕ’ ಎಂಬ ಒಂದು ಅಂಕಣವನ್ನು ಹೆಚ್ಚಿಗೆ ಕೇಳಿದ್ದರು. ಪಟ್ಟಿಯಲ್ಲಿದ್ದ ಒಂದು ಕಟ್ಟಡದ ಎದುರು ಎಂಜಿನಿಯರಿಗೆ ಬರೆಯಲು ದಿನಾಂಕವೇ ಇರಲಿಲ್ಲ. ವಿಚಾರಿಸಿದಾಗ, ಸುಣ್ಣಬಣ್ಣವೆಲ್ಲ ಮುಗಿದಿದ್ದರೂ ವಿದ್ಯುತ್ ಸಂಪರ್ಕಕ್ಕೆ ಠೇವಣಿ ಕಟ್ಟದೆ ಬೀಗ ಹಾಕಿಟ್ಟಿದ್ದರೆಂಬುದು ಹೊರಬಂತು. ಆ ಖಾಲಿ ಅಂಕಣವನ್ನು ಸದನಕ್ಕೆ ಕಳುಹಿಸುವ ಧೈರ್ಯ ಯಾವ ಅಧಿಕಾರಿಗೂ ಇರಲಿಲ್ಲ. ತುಂಬಾ ದಿನ ಕಾಯಿಸದೆ ಠೇವಣಿ ಪಾವತಿಯಾಯಿತು, ಶುಶ್ರೂಷಕಿಯೊಬ್ಬರು ಅಲ್ಲಿ ವಾಸಕ್ಕೆ ಬಂದರು. ಸದನದಲ್ಲಿ ಆ ಪ್ರಶ್ನೆಯ ಮೇಲೆ ಒಂದು ಮಾತೂ ನಡೆಯಲಿಲ್ಲ. ಅದು ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿತ್ತು. ಅಂದರೆ ಉತ್ತರ ಬರುವ ಮೊದಲೇ ಪ್ರಶ್ನೆ ತನ್ನ ಕೆಲಸ ಮಾಡಿತ್ತು.

ನಮ್ಮ ಭಾಗದ ಶಾಸಕರಿಗೆ ಈ ಹೊಣೆ ಇನ್ನಷ್ಟು ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತು. ಆ 39ರಲ್ಲಿ 21 ನಮ್ಮ ಭಾಗದ, ಅಂದರೆ ಅಂದಿನ ಗುಲ್ಬರ್ಗ ವಿಭಾಗಕ್ಕೆ ಸೇರಿದ್ದವು. ಬಹುಕಾಲದ ಹೋರಾಟದ ನಂತರ ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ವಿಧಿ ಸಂವಿಧಾನಕ್ಕೆ ಸೇರಿತು, 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ರಚನೆಯಾಯಿತು. 2021-22ರಲ್ಲಿ 1,500 ಕೋಟಿ ರೂಪಾಯಿ ಇದ್ದ ಮಂಡಳಿಯ ಹಂಚಿಕೆ 2022-23ರಲ್ಲಿ 3,000 ಕೋಟಿಗೆ, 2023-24ರಲ್ಲಿ 5,000 ಕೋಟಿಗೆ ಏರಿತು. ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂದು ಆ ವಿಧಿಯೇ ಹೇಳುತ್ತದೆ. ಹಂಚಿಕೆಯ ಅಂಕಿಯನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಬಿಡುಗಡೆಯಾಗಿದ್ದು ಎಷ್ಟು, ವರ್ಷದ ಕೊನೆಗೆ ಉಳಿದಿದ್ದು ಎಷ್ಟು, ಯಾವ ತಾಲ್ಲೂಕಿಗೆ ಎಷ್ಟು ತಲುಪಿತು ಎಂದು ವರ್ಷ ಬಿಡದೆ ಕೇಳುವವರು ಬೇಕು. ಇಷ್ಟು ದೊಡ್ಡ ಮೊತ್ತದ ಲೆಕ್ಕವನ್ನು ಆ ಭಾಗದ ಪ್ರತಿನಿಧಿಗಳೇ ಕೇಳದಿದ್ದರೆ ಬೇರೆ ಯಾರು ಕೇಳಬೇಕು?

ಸಚಿವರ ಮೌಖಿಕ ಉತ್ತರಕ್ಕೂ ಬೆಲೆಯಿದೆ. ಉಪಪ್ರಶ್ನೆಗೆ ಉತ್ತರಿಸುವಾಗ ಸಚಿವರು ‘ಮೂರು ತಿಂಗಳೊಳಗೆ ಮಾಡಿಸುತ್ತೇನೆ’ ಎಂದರೆ ಅದು ಸದನದ ನಡವಳಿಗಳಲ್ಲಿ ದಾಖಲಾಗುತ್ತದೆ, ಭರವಸೆಯೆಂದು ಗುರುತಿಸಿದರೆ ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಹೋಗುತ್ತದೆ. ಸಮಿತಿಯು ಇಲಾಖೆಯ ಅಧಿಕಾರಿಗಳನ್ನು ಕರೆಸಿ, ಆ ಮಾತು ಈಡೇರಿತೇ ಎಂದು ವಿಚಾರಿಸುತ್ತದೆ. ಜನರಿಗೂ ಪತ್ರಿಕೆಗಳಿಗೂ ಈ ಸಮಿತಿಯ ಮೇಲೆ ಅಷ್ಟಾಗಿ ಗಮನವಿಲ್ಲ, ಅದು ದುಃಖದ ಸಂಗತಿ. ನಿಮ್ಮ ವಿಡಿಯೊದಲ್ಲಿ ಸಚಿವರು ಕಾಲಮಿತಿ ಹೇಳಿದ್ದರೆ, ಅದನ್ನು ಭರವಸೆಯಾಗಿ ಪರಿಗಣಿಸಲಾಗಿದೆಯೇ ಎಂದು ನಿಮ್ಮ ಶಾಸಕರನ್ನೇ ಕೇಳಿ. ‘ಶೀಘ್ರ’ ಎಂದಷ್ಟೇ ಹೇಳಿದ್ದರೆ, ಉಪಪ್ರಶ್ನೆಯಲ್ಲಿ ತಿಂಗಳು ಕೇಳದೆ ಬಿಟ್ಟಿದ್ದೇಕೆ ಎಂದೂ ಕೇಳಬಹುದು. ವೆಚ್ಚವಾದ ಹಣದ ಮೇಲೆ ಮಹಾಲೇಖಪಾಲರ ವರದಿಗಳನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಇದೆ, ಅದು ಬೇರೆಯೇ ಒಂದು ದೊಡ್ಡ ವಿಷಯ.

ಮಿತಿಗಳನ್ನೂ ಹೇಳಬೇಕು. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ನಮ್ಮ ರಾಜ್ಯವೇ ಕಾಯಿದೆ ಮಾಡಿಕೊಂಡಿದೆ, ಆ ಸಂಖ್ಯೆಯನ್ನು ಮುಟ್ಟದ ವರ್ಷಗಳೇ ಹೆಚ್ಚು. ಗದ್ದಲದಲ್ಲಿ ಪ್ರಶ್ನೋತ್ತರ ವೇಳೆ ಕೊಚ್ಚಿಹೋದ ದಿನ ‘ಉತ್ತರಗಳನ್ನು ಮಂಡಿಸಲಾಗಿದೆ’ ಎಂದಷ್ಟೇ ಆಗಿ, ಉಪಪ್ರಶ್ನೆಗೆ ಅವಕಾಶವೇ ಇರುವುದಿಲ್ಲ. 2025-26ರ ಆಯವ್ಯಯದ ಗಾತ್ರ 4 ಲಕ್ಷ ಕೋಟಿ ರೂಪಾಯಿ ದಾಟಿತು. ಅನುದಾನದ ಬೇಡಿಕೆಗಳನ್ನು ಒಪ್ಪುವ, ನಿರಾಕರಿಸುವ, ಕಡಿತಗೊಳಿಸುವ ಅಧಿಕಾರವನ್ನು ಸಂವಿಧಾನದ 203ನೇ ವಿಧಿ ವಿಧಾನಸಭೆಗೆ ಕೊಟ್ಟಿದ್ದರೂ ಇಲಾಖಾವಾರು ಚರ್ಚೆಗೆ ಸಿಗುವ ಸಮಯ ತೀರಾ ಕಡಿಮೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಇಂತಹ ಅಧಿಕಾರವೇನೂ ಇರಲಿಲ್ಲ. ದಸರಾ ಸಮಯದಲ್ಲಿ ಸೇರಿ, ದಿವಾನರ ಮಾತು ಕೇಳಿ, ತಮ್ಮ ತಾಲ್ಲೂಕಿನ ಅಹವಾಲು ಹೇಳಿ ಬರುವುದಷ್ಟೇ ಆ ಪ್ರತಿನಿಧಿಗಳಿಗೆ ಸಾಧ್ಯವಿತ್ತು. ಇಂದಿನ ಶಾಸಕರ ಕೈಯಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಅಧಿಕಾರವಿದ್ದೂ ಅದು ಬಳಕೆಯಾಗದೆ ಹೋಗುವುದನ್ನು ಕಂಡಾಗ ನನಗೆ ನೋವಾಗುತ್ತದೆ.

ಈಗ ನೀವು ಮಾಡಬಹುದಾದ ಕೆಲಸ. ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರಗಳು ದೊರೆಯುತ್ತವೆ. ನಿಮ್ಮ ಶಾಸಕರ ಹೆಸರು ಮತ್ತು ಉತ್ತರಿಸಿದ ದಿನಾಂಕ ಹಿಡಿದು ಆ ಉತ್ತರವನ್ನು ಹುಡುಕಿ, ಅನುಬಂಧದ ಸಮೇತ ಮುದ್ರಿಸಿಕೊಳ್ಳಿ. ಅದರಲ್ಲಿ ನಿಮ್ಮ ರಸ್ತೆಯ ಎದುರು ‘ಪ್ರಗತಿಯಲ್ಲಿದೆ’ ಎಂದಿದೆಯೋ ‘ಪೂರ್ಣಗೊಂಡಿದೆ’ ಎಂದಿದೆಯೋ ನೋಡಿ, ಸ್ಥಳಕ್ಕೆ ಹೋಗಿ ದಿನಾಂಕ ಬರುವಂತೆ ಫೋಟೊ ತೆಗೆಯಿರಿ. ಉತ್ತರಕ್ಕೂ ಸ್ಥಳದ ಸ್ಥಿತಿಗೂ ವ್ಯತ್ಯಾಸವಿದ್ದರೆ, ಪ್ರಶ್ನೆ ಸಂಖ್ಯೆಯನ್ನು ನಮೂದಿಸಿ ಶಾಸಕರಿಗೂ ಸಂಬಂಧಪಟ್ಟ ಕಾರ್ಯಪಾಲಕ ಎಂಜಿನಿಯರ್ ಅವರಿಗೂ ಪತ್ರ ಬರೆಯಿರಿ. ಸಾಮಾನ್ಯ ಮನವಿಗಿಂತ ಇಂತಹ ಪತ್ರಕ್ಕೆ ಕಚೇರಿಯಲ್ಲಿ ತೂಕ ಹೆಚ್ಚು.

ಮುಂದಿನ ಪ್ರಶ್ನೆಯನ್ನು ನೀವೇ ಕರಡು ಮಾಡಿಕೊಡಿ. ಅಧಿವೇಶನ ಶುರುವಾದ ಮೇಲೆ ಕೊಟ್ಟರೆ ಸೂಚನೆಯ ಅವಧಿ ಮೀರಿರುತ್ತದೆ. ಮಳೆಗಾಲದ ಅಧಿವೇಶನಕ್ಕೋ ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೋ ದಿನಾಂಕ ಪ್ರಕಟವಾಗುವ ಹೊತ್ತಿಗೆ ನಿಮ್ಮ ಕರಡು ಶಾಸಕರ ಆಪ್ತ ಸಹಾಯಕರ ಕೈಯಲ್ಲಿರಬೇಕು. ಒಂದು ಪ್ರಶ್ನೆಯಲ್ಲಿ ಒಂದೇ ವಿಷಯವಿರಲಿ, ಒಂದು ತಾಲ್ಲೂಕಿಗೆ ಸೀಮಿತವಾಗಿರಲಿ. ಇಡೀ ರಾಜ್ಯದ ಹತ್ತು ವರ್ಷಗಳ ಮಾಹಿತಿ ಕೇಳಿದರೆ ‘ಮಾಹಿತಿಯನ್ನು ಕ್ರೋಡೀಕರಿಸಲಾಗುತ್ತಿದೆ’ ಎಂಬ ಉತ್ತರ ಬಂದು ಅಲ್ಲಿಗೇ ನಿಲ್ಲುತ್ತದೆ. ಊರಿನಲ್ಲಿ ಜನರ ಜೀವಕ್ಕೆ ಅಪಾಯವಾಗುವಂತಹ ತುರ್ತು ಸಂಗತಿಯಿದ್ದರೆ ಪ್ರಶ್ನೆಗಿಂತ ಗಮನ ಸೆಳೆಯುವ ಸೂಚನೆ ಅಥವಾ ಸದನದ ನಿಯಮ 69ರ ಅಡಿಯ ಅಲ್ಪಾವಧಿ ಚರ್ಚೆ ಸೂಕ್ತ.

ನಿಮ್ಮ ಶಾಸಕರು ಮುಂದೆ ಸಚಿವರಾದರೆ ಅವರು ಪ್ರಶ್ನೆ ಕೇಳುವಂತಿಲ್ಲ. ಆಗ ವಿಧಾನ ಪರಿಷತ್ತಿನ ಕಡೆ ನೋಡಿ. ಅದರ 75 ಸದಸ್ಯರಲ್ಲಿ 25 ಮಂದಿ ಸ್ಥಳೀಯ ಸಂಸ್ಥೆಗಳಿಂದ, ತಲಾ 7 ಮಂದಿ ಪದವೀಧರರಿಂದ ಮತ್ತು ಶಿಕ್ಷಕರಿಂದ ಆಯ್ಕೆಯಾದವರು. ನಿಮ್ಮ ಗ್ರಾಮ ಪಂಚಾಯಿತಿಯ ಸದಸ್ಯರೇ ಮತ ಹಾಕಿ ಕಳುಹಿಸಿದ ಪರಿಷತ್ ಸದಸ್ಯರು ನಿಮ್ಮ ಜಿಲ್ಲೆಗೂ ಇದ್ದಾರೆ, ಅವರಿಗೂ ಸಚಿವರನ್ನು ಪ್ರಶ್ನಿಸುವ ಅಧಿಕಾರವಿದೆ. ಅವರ ಬಳಿಗೆ ಇಂತಹ ಕರಡು ಹಿಡಿದು ಹೋಗುವವರು ಬಹಳ ಕಡಿಮೆ, ಹೀಗಾಗಿ ನಿಮ್ಮ ಪ್ರಶ್ನೆಗೆ ಅಲ್ಲಿ ಬೇಗ ಜಾಗ ಸಿಗುವ ಸಂಭವವೂ ಇದೆ.