ಕಾಯಿಲೆಯ ಹೆಸರು ಹೇಳಬೇಕೆ, ಬೇಕಾದುದನ್ನು ಕೇಳಬೇಕೆ?

ಓದುಗರ ಪತ್ರದ ಸಾರ: ನಾನು ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ನನಗೆ ಬೈಪೋಲಾರ್ ಕಾಯಿಲೆ (ಅತಿಯಾದ ಉತ್ಸಾಹ ಮತ್ತು ಖಿನ್ನತೆಯ ಅವಧಿಗಳು ಬಂದುಹೋಗುವ ಮಾನಸಿಕ ಕಾಯಿಲೆ) ಇದೆಯೆಂದು ಮನೋವೈದ್ಯರು ಗುರುತಿಸಿ ಎರಡು ವರ್ಷಗಳಾದವು. ಲಿಥಿಯಂ ಮಾತ್ರೆಯ ಜೊತೆಗೆ ರಾತ್ರಿ ಕ್ವೆಟಿಯಾಪಿನ್ ತೆಗೆದುಕೊಳ್ಳುತ್ತೇನೆ. ಈಗ ಆರೋಗ್ಯ ಸುಧಾರಿಸಿದೆ. ಆದರೆ ಬೆಳಗಿನ ಮೊದಲ ತರಗತಿಗೆ ಎದ್ದು ಹೋಗಲು ಆಗುವುದಿಲ್ಲ, ಪ್ರಯೋಗಾಲಯದಲ್ಲಿ ಕೈ ನಡುಗುತ್ತದೆ. ನನ್ನ ಪ್ರಬಂಧದ ಮಾರ್ಗದರ್ಶಕರಾದ ಪ್ರಾಧ್ಯಾಪಕಿ ಇದನ್ನೆಲ್ಲ ಅಸಡ್ಡೆಯೆಂದು ತಿಳಿದಿದ್ದಾರೆ. ಅವರಿಗೆ ಎಲ್ಲವನ್ನೂ ಹೇಳಿಬಿಡು ಎನ್ನುತ್ತಾಳೆ ಗೆಳತಿ. ಯಾರಿಗೂ ಬಾಯಿ ಬಿಡಬೇಡ ಎನ್ನುತ್ತಾರೆ ಅಮ್ಮ. ನಾನೇನು ಮಾಡಲಿ?

ಸಂಪಾದಕರ ಉತ್ತರ:

ಪ್ರಿಯ ಓದುಗರೆ,

ನಿಮ್ಮ ಗೆಳತಿಯೂ ತಾಯಿಯೂ ಬೇರೆ ಬೇರೆ ಉತ್ತರ ಕೊಟ್ಟಂತೆ ಕಂಡರೂ ಇಬ್ಬರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ಕಾಯಿಲೆಯ ಹೆಸರನ್ನು ಹೇಳಬೇಕೆ, ಬೇಡವೆ. ನಿಮ್ಮ ಪತ್ರವನ್ನು ಓದಿದಾಗ ನನಗೆ ಕಂಡದ್ದು ಬೇರೆ. ಬೆಳಗಿನ ಹಾಜರಾತಿಯ ವಿಷಯದಲ್ಲಿ ಸ್ವಲ್ಪ ಸಡಿಲಿಕೆ, ಸೂಕ್ಷ್ಮವಾದ ಅಳತೆಯ ಕೆಲಸದಲ್ಲಿ ಒಂದಿಷ್ಟು ನೆರವು ಅಥವಾ ಹೆಚ್ಚು ಸಮಯ, ನಿಮ್ಮ ಶ್ರದ್ಧೆಯ ಬಗ್ಗೆ ಅವರಿಗಿರುವ ತಪ್ಪು ತಿಳಿವಳಿಕೆಯ ನಿವಾರಣೆ, ಇಷ್ಟು ನಿಮಗೆ ಬೇಕಾಗಿದೆ. ಇವುಗಳಲ್ಲಿ ಯಾವುದನ್ನು ಕೇಳುವುದಕ್ಕೂ ಕಾಯಿಲೆಯ ಹೆಸರು ಅನಿವಾರ್ಯವಲ್ಲ. ‘ದೀರ್ಘಕಾಲದ ಒಂದು ಆರೋಗ್ಯ ಸಮಸ್ಯೆಗೆ ಚಿಕಿತ್ಸೆ ಪಡೆಯುತ್ತಿದ್ದೇನೆ, ಔಷಧದಿಂದ ಬೆಳಿಗ್ಗೆ ಮಂಪರು ಇರುತ್ತದೆ, ಕೈ ನಡುಗುತ್ತದೆ’ ಎಂಬ ಮಾತಿನಲ್ಲಿ ಸುಳ್ಳು ಒಂದಕ್ಷರವೂ ಇಲ್ಲ, ಮತ್ತು ಒಬ್ಬ ಶಿಕ್ಷಕಿ ನಿಮ್ಮ ವಿಷಯದಲ್ಲಿ ನಿರ್ಧಾರ ಕೈಗೊಳ್ಳಲು ಅಷ್ಟು ಸಾಕು.

ಪ್ರಾಧ್ಯಾಪಕಿಯ ಕೊಠಡಿಗೆ ಹೋಗುವ ಮೊದಲು ನಿಮ್ಮ ವೈದ್ಯರನ್ನು ಕಾಣಿರಿ ಎಂಬುದು ನನ್ನ ಮೊದಲ ಸಲಹೆ. ಕೈನಡುಕ ಲಿಥಿಯಂನ ಸಾಮಾನ್ಯ ಅಡ್ಡ ಪರಿಣಾಮ. ಕ್ವೆಟಿಯಾಪಿನ್ ತೆಗೆದುಕೊಂಡ ಮರುದಿನ ಬೆಳಿಗ್ಗೆ ಮಂಪರು ಕವಿಯುವುದೂ ಎಲ್ಲ ಮನೋವೈದ್ಯರಿಗೆ ಪರಿಚಿತವಾದ ದೂರು. ಪ್ರಮಾಣವನ್ನೋ ರಾತ್ರಿ ಮಾತ್ರೆ ನುಂಗುವ ಸಮಯವನ್ನೋ ಅವರು ಸ್ವಲ್ಪ ಬದಲಿಸಿದರೆ, ನೀವು ಇತರರಿಗೆ ಹೇಳಬೇಕಾದುದರ ಭಾರವೇ ಅರ್ಧ ಇಳಿದೀತು. ನೀವಾಗಿಯೇ ಮಾತ್ರೆಯನ್ನು ಕಡಿಮೆ ಮಾಡಬೇಡಿ. ನಡುಕ ಇದ್ದಕ್ಕಿದ್ದಂತೆ ಹೆಚ್ಚಾಗಿ ವಾಂತಿ, ಭೇದಿ, ನಡೆಯುವಾಗ ತೂರಾಟ ಕಾಣಿಸಿಕೊಂಡರೆ ಅದು ರಕ್ತದಲ್ಲಿ ಲಿಥಿಯಂ ಮಿತಿಮೀರಿದ ಸೂಚನೆಯಾಗಿರಬಹುದು. ಆಗ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಹೇಳುವ ವಿಷಯ. ಒಮ್ಮೆ ಹೇಳಿದ್ದನ್ನು ಹಿಂದಕ್ಕೆ ಪಡೆಯಲಾಗದು. ಹೇಳದೆ ಉಳಿಸಿಕೊಂಡಿದ್ದನ್ನು ಎಂದಾದರೂ ಹೇಳಬಹುದು. ಅಮ್ಮನ ಮಾತಿನ ಬಲ ಇರುವುದು ಇಲ್ಲಿಯೇ, ಮತ್ತು ಅದನ್ನು ಬರಿಯ ಹಳೆಯ ಕಾಲದ ಭಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. 2006ರಲ್ಲಿ ಡ್ರೂ ಆಪಲ್‌ಬಿ ಮತ್ತು ಕ್ಯಾರನ್ ಆಪಲ್‌ಬಿ ಎಂಬ ಅಮೆರಿಕದ ಇಬ್ಬರು ಪ್ರಾಧ್ಯಾಪಕರು, ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರವೇಶ ಕೊಡುವ ಸಮಿತಿಗಳ ಮುಖ್ಯಸ್ಥರನ್ನು, ಅರ್ಜಿದಾರರ ಅವಕಾಶವನ್ನು ಯಾವುದು ಹಾಳುಮಾಡುತ್ತದೆ ಎಂದು ಕೇಳಿದರು. ಬಂದ ಉತ್ತರಗಳಲ್ಲಿ, ಅರ್ಜಿಯ ಜೊತೆಗಿನ ಸ್ವವಿವರದಲ್ಲಿ ತಮ್ಮ ಮಾನಸಿಕ ಕಾಯಿಲೆಯ ಬಗ್ಗೆ ಬರೆದುಕೊಳ್ಳುವುದೂ ಒಂದಾಗಿತ್ತು. ಆ ಸಮಿತಿಗಳೆಲ್ಲ ಮನಶ್ಶಾಸ್ತ್ರ ವಿಭಾಗದವು ಎಂಬುದನ್ನು ಗಮನಿಸಿ! ಮನಸ್ಸಿನ ಕಾಯಿಲೆಯನ್ನೇ ಪಾಠ ಮಾಡುವವರು ಹೀಗೆ ಯೋಚಿಸುವುದಾದರೆ ರಸಾಯನಶಾಸ್ತ್ರದವರಿಂದ ಹೆಚ್ಚಿನ ತಿಳಿವಳಿಕೆಯನ್ನು ನಿರೀಕ್ಷಿಸುವುದು ಹೇಗೆ ಎಂದು ನೀವು ಕೇಳಿದರೆ ನನ್ನಲ್ಲಿ ಜಾಣ ಉತ್ತರವಿಲ್ಲ.

ಆದರೆ ನಾನು ಹೆಚ್ಚು ಅಂಜುವುದು ಒರಟು ಶಿಕ್ಷಕರಿಗಲ್ಲ, ಅತಿಯಾಗಿ ಕನಿಕರಿಸುವವರಿಗೆ. ಒರಟರ ಮಾತು ಕಿವಿಗೆ ಬಿದ್ದಾಗಲೇ ನೋಯಿಸುವುದರಿಂದ ಅದನ್ನು ಎದುರಿಸಬಹುದು. ಕನಿಕರದವರು ನಿಮಗೆ ಗೊತ್ತಾಗದಂತೆಯೇ ನಿಮ್ಮ ಪ್ರಬಂಧದ ವಿಷಯವನ್ನು ಸುಲಭಗೊಳಿಸುತ್ತಾರೆ, ವಿಚಾರ ಸಂಕಿರಣಕ್ಕೆ ನಿಮ್ಮ ಬದಲು ಇನ್ನೊಬ್ಬರನ್ನು ಕಳುಹಿಸುತ್ತಾರೆ, ಶಿಫಾರಸು ಪತ್ರದಲ್ಲಿ ‘ಇಷ್ಟೆಲ್ಲ ಕಷ್ಟಗಳ ನಡುವೆಯೂ’ ಎಂದು ಒಂದು ಸಾಲು ಸೇರಿಸಿ, ಅದನ್ನು ಓದುವ ಅಪರಿಚಿತರಲ್ಲಿ ಇಲ್ಲದ ಅನುಮಾನ ಹುಟ್ಟಿಸುತ್ತಾರೆ. ಆದ್ದರಿಂದ ನೀವು ಎಷ್ಟೇ ಹೇಳಿದರೂ, ಏನು ಬೇಕು ಎನ್ನುವುದರ ಜೊತೆಗೆ ಏನು ಬೇಡ ಎನ್ನುವುದನ್ನೂ ಹೇಳಬೇಕು: ಕೆಲಸದ ಮಟ್ಟ ಇಳಿಸುವುದು ಬೇಡ, ನನ್ನನ್ನು ಕೇಳದೆ ನನ್ನ ಬದಲು ನಿರ್ಧರಿಸುವುದು ಬೇಡ, ಶಿಫಾರಸು ಪತ್ರದಲ್ಲಿ ಇದರ ಪ್ರಸ್ತಾಪ ಬೇಡ.

ಹಾಗಾದರೆ ಸುಮ್ಮನಿರುವುದೇ ಕ್ಷೇಮವೆ? ಅಲ್ಲ. ಸುಮ್ಮನಿದ್ದುದಕ್ಕೂ ಬೆಲೆ ತೆರಬೇಕಾಗುತ್ತದೆ, ನೀವು ಈಗಾಗಲೇ ತೆರುತ್ತಿದ್ದೀರಿ. ಕಾರಣ ತಿಳಿಯದ ಶಿಕ್ಷಕಿ ತಾನೇ ಒಂದು ಕಾರಣ ಊಹಿಸಿಕೊಳ್ಳುತ್ತಾರೆ, ಅಸಡ್ಡೆ ಎನ್ನುವುದು ಅಂಥ ಊಹೆಗಳಲ್ಲಿ ಅತ್ಯಂತ ಸುಲಭದ್ದು. ಜೊತೆಗೆ, ಶಿಕ್ಷಕರ ಕೈಯಲ್ಲಿ ಅಧಿಕಾರವಿರುವುದು ಗಡುವಿಗೆ ಮೊದಲು. ಹಾಜರಾತಿಯ ಪಟ್ಟಿ ಮತ್ತು ಅಂಕಪಟ್ಟಿ ಕಚೇರಿಗೆ ಹೋದ ಮೇಲೆ ಅತ್ಯಂತ ಸಹೃದಯರಾದ ಪ್ರಾಧ್ಯಾಪಕರೂ ಬಹುಮಟ್ಟಿಗೆ ನಿರುಪಾಯರು. ಆಗ ನೀವು ಕೊಡುವ ವಿವರಣೆ, ಅದೆಷ್ಟೇ ನಿಜವಾಗಿದ್ದರೂ, ನೆಪದಂತೆ ಕೇಳಿಸುತ್ತದೆ. ಖಿನ್ನತೆಯ ದಿನಗಳು ಮರಳಿ ಬಂದಾಗ ಇದನ್ನೆಲ್ಲ ವಿವರಿಸುವ ಶಕ್ತಿಯೇ ಇರುವುದಿಲ್ಲವೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಚೆನ್ನಾಗಿರುವ ಈ ದಿನಗಳೇ ಹೇಳಲು ತಕ್ಕ ದಿನಗಳು.

ಹೆಸರನ್ನೂ ಹೇಳಿದವರು ಇದ್ದಾರೆ. ಸ್ಕಿಜೋಫ್ರೇನಿಯಾ ಎಂಬ ಗಂಭೀರ ಮಾನಸಿಕ ಕಾಯಿಲೆ ಇರುವ ಕಾನೂನು ಪ್ರಾಧ್ಯಾಪಕಿ ಎಲಿನ್ ಸ್ಯಾಕ್ಸ್ 2007ರಲ್ಲಿ ಆತ್ಮಕಥನದ ಮೂಲಕ ಅದನ್ನು ಲೋಕಕ್ಕೆ ತಿಳಿಸಿದರು. ಆತ್ಮಹತ್ಯೆಯ ಅಂಚಿನಲ್ಲಿರುವವರಿಗೆ ಹೊಸ ಚಿಕಿತ್ಸಾ ಪದ್ಧತಿಯನ್ನೇ ರೂಪಿಸಿದ ಮಾರ್ಷಾ ಲೈನ್‌ಹ್ಯಾನ್, ತರುಣಿಯಾಗಿದ್ದಾಗ ತಾನೇ ಆಸ್ಪತ್ರೆಯಲ್ಲಿದ್ದ ಸಂಗತಿಯನ್ನು ಬಹಿರಂಗವಾಗಿ ಹೇಳಿದ್ದು 2011ರಲ್ಲಿ. ಇವರ ಧೈರ್ಯವನ್ನು ನಾನು ಗೌರವಿಸುತ್ತೇನೆ. ಆದರೆ ಇಬ್ಬರೂ ಲೋಕದ ಮುಂದೆ ಹೇಳಿದ್ದು ತಮ್ಮ ಹುದ್ದೆ ಭದ್ರವಾದ ಮೇಲೆ ಎಂಬುದನ್ನು ನಿಮ್ಮ ಗೆಳತಿಗೆ ನೆನಪಿಸಿ. ನಿಮ್ಮ ಅಂಕಗಳಿನ್ನೂ ಮಾರ್ಗದರ್ಶಕರ ಕೈಯಲ್ಲಿವೆ. ಎಲ್ಲರಿಗೂ ಹೇಳುವುದು ಮತ್ತು ಯಾರಿಗೂ ಹೇಳದಿರುವುದು ಇವೆರಡರ ನಡುವೆ, ಆಯ್ದ ಒಬ್ಬರಿಗೆ ಆಯ್ದಷ್ಟನ್ನೇ ಹೇಳುವ ವಿಶಾಲವಾದ ಜಾಗವಿದೆ.

ಕಾನೂನೂ ಅಷ್ಟಿಷ್ಟು ನಿಮ್ಮ ಪರವಾಗಿದೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ದೀರ್ಘಕಾಲದ ಮಾನಸಿಕ ತೊಂದರೆಗಳನ್ನೂ ಒಳಗೊಳ್ಳುತ್ತದೆ, ಮತ್ತು ಶಿಕ್ಷಣದಲ್ಲಿ ವ್ಯಕ್ತಿಯ ಅಗತ್ಯಕ್ಕೆ ತಕ್ಕ ಅನುಕೂಲಗಳನ್ನು ಒದಗಿಸಬೇಕೆನ್ನುತ್ತದೆ. ನಿಮ್ಮ ಸಂಸ್ಥೆಯಲ್ಲಿ ಇದಕ್ಕಾಗಿ ಪ್ರತ್ಯೇಕ ಕಚೇರಿಯೋ ಆಪ್ತ ಸಮಾಲೋಚಕರೋ ಇದ್ದರೆ ವೈದ್ಯರ ಪ್ರಮಾಣಪತ್ರವನ್ನು ಅಲ್ಲಿಗೆ ಕೊಡಿ; ಪ್ರಾಧ್ಯಾಪಕಿಗೆ ಅಲ್ಲಿಂದ ‘ಇಂಥ ಅನುಕೂಲ ಕೊಡಿ’ ಎಂಬ ಪತ್ರ ಮಾತ್ರ ಹೋಗುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ. ಇಂಥ ದಾರಿಯಿದ್ದರೆ ಅದೇ ಉತ್ತಮ.

ಇಲ್ಲದಿದ್ದರೆ, ಮಾರ್ಗದರ್ಶಕರಲ್ಲಿ ಸಮಯ ಕೇಳಿ ಒಬ್ಬರೇ ಭೇಟಿಯಾಗಿ, ಮೇಲೆ ಬರೆದ ಎರಡು ಮೂರು ವಾಕ್ಯಗಳನ್ನು ಹೇಳಿ, ಒಪ್ಪಿಕೊಂಡದ್ದನ್ನು ಆ ದಿನವೇ ಚಿಕ್ಕ ಇಮೇಲ್‌ನಲ್ಲಿ ಬರೆದು ಕಳುಹಿಸಿ. ‘ಏನು ಕಾಯಿಲೆ?’ ಎಂದು ಅವರು ಕೇಳಿಯಾರು. ಕೇಳಿದ ಮಾತ್ರಕ್ಕೆ ಉತ್ತರಿಸಲೇಬೇಕೆಂದಿಲ್ಲ. ‘ಸದ್ಯಕ್ಕೆ ಅದು ವೈದ್ಯರ ಮತ್ತು ನನ್ನ ನಡುವೆ ಇರಲಿ, ಮೇಡಂ’ ಎಂದರೆ ಅಗೌರವವಾಗುವುದಿಲ್ಲ. ಮುಂದೆ ವಿಶ್ವಾಸ ಬೆಳೆದು ಹೆಸರನ್ನೂ ಹೇಳಬೇಕೆನಿಸಿದರೆ, ಬೇರೆ ವಿದ್ಯಾರ್ಥಿಗಳ ಗುಟ್ಟನ್ನು ಅವರು ನಿಮ್ಮ ಮುಂದೆ ಆಡಿದ್ದಾರೆಯೇ, ಮಾತ್ರೆ ನುಂಗುವವರ ಬಗ್ಗೆ ಹಾಸ್ಯ ಮಾಡಿದ್ದಾರೆಯೇ ಎಂದು ಮೊದಲು ಗಮನಿಸಿ. ನಿಮ್ಮೊಡನೆ ಇತರರ ಗುಟ್ಟು ಆಡುವವರು ಇತರರೊಡನೆ ನಿಮ್ಮದನ್ನೂ ಆಡುತ್ತಾರೆ.

ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ಶಿಕ್ಷಕರು ವೈದ್ಯರಲ್ಲ, ಗೋಪ್ಯತೆಯ ವಿಷಯದಲ್ಲಿ ಅವರಿಗೆ ವೈದ್ಯರಷ್ಟು ಕಟ್ಟುಪಾಡು ಇರುವುದಿಲ್ಲ. ವಿದ್ಯಾರ್ಥಿಯ ಜೀವಕ್ಕೆ ಅಪಾಯವಿದೆ ಎನಿಸಿದಾಗ ಮೇಲಿನವರಿಗೆ ತಿಳಿಸುವುದು ಅನೇಕ ಸಂಸ್ಥೆಗಳಲ್ಲಿ ಅವರ ಕರ್ತವ್ಯವೂ ಹೌದು. ಆದ್ದರಿಂದ ಹೇಳುವ ಮೊದಲೇ ‘ಇದು ನಿಮ್ಮಲ್ಲೇ ಉಳಿಯುತ್ತದೆಯೇ, ಯಾರಿಗಾದರೂ ತಿಳಿಸಬೇಕಾಗುತ್ತದೆಯೇ?’ ಎಂದು ಕೇಳಿ. ಆದರೆ ಬದುಕು ಬೇಡವೆನಿಸುವ ಹೊತ್ತು ಬಂದರೆ ಈ ಪತ್ರದಲ್ಲಿ ಹೇಳಿದ ಲೆಕ್ಕಾಚಾರಗಳನ್ನೆಲ್ಲ ಪಕ್ಕಕ್ಕಿಟ್ಟು, ಹತ್ತಿರವಿರುವ ಯಾರಿಗೇ ಆಗಲಿ, ಶಿಕ್ಷಕಿಗೇ ಆಗಲಿ, ಆ ಕ್ಷಣವೇ ಹೇಳಿ.

ಅಮ್ಮನಿಗೆ ತಿಳಿಯದಂತೆ ಇದನ್ನು ಮಾಡಬೇಡಿ. ‘ಹೆಸರು ಹೇಳುವುದಿಲ್ಲ, ಬೇಕಾದುದನ್ನಷ್ಟೇ ಕೇಳುತ್ತೇನೆ’ ಎಂದರೆ ಅವರು ಒಪ್ಪುವ ಸಂಭವವೇ ಹೆಚ್ಚು. ಪ್ರಾಧ್ಯಾಪಕಿ ಒಪ್ಪದಿದ್ದರೆ ಅಲ್ಲೇ ವಾದಿಸುತ್ತ ಇನ್ನಷ್ಟು ವಿವರ ಬಿಟ್ಟುಕೊಡದೆ ಎದ್ದು ಬನ್ನಿ. ಮರುದಿನ ವೈದ್ಯರ ಪತ್ರದೊಡನೆ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಅರ್ಜಿ ಕೊಡಿ, ಅದರ ಒಂದು ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.