ಕಾಲಿಗೇನು ಕೆಲಸ?

ಪತ್ರ: ನನಗೆ ಇಪ್ಪತ್ತಾರು. ಫೋನಿನಲ್ಲಿರುವ ಫೋಟೊ ನೋಡಿ ಬೆಟ್ಟ, ಕಣಿವೆ ಬರೆಯುತ್ತೇನೆ. ಅಲ್ಲೆಲ್ಲ ನಡೆದು ಬಾರದೆ ಬರೆದದ್ದು ಸುಳ್ಳು ಎಂದು ಗೆಳೆಯ ಹಂಗಿಸುತ್ತಾನೆ. ಕುಂಚ ಹಿಡಿಯುವುದು ಕೈ ತಾನೆ? ಕಾಲಿಗೇನು ಕೆಲಸ?

ಉತ್ತರ: ನಿಮ್ಮ ಸಿಟ್ಟು ಇಷ್ಟವಾಯಿತು. ನಿಮ್ಮ ಪರವಾದ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. 1890–91ರಲ್ಲಿ ಫ್ರಾನ್ಸಿನ ಚಿತ್ರಕಾರ ಮೋನೆ ತನ್ನ ಮನೆಯ ಹತ್ತಿರದ ಬಣವೆಗಳನ್ನೇ ಮತ್ತೆ ಮತ್ತೆ ಬರೆದ, ದೂರವೇನೂ ಹೋಗಲಿಲ್ಲ. ಆದರೆ ಅವನೂ ಹೊಲಕ್ಕೆ ಹೋಗಿ ನಿಂತಿದ್ದ ಅನ್ನುವುದು ನೆನಪಿರಲಿ.

ನಾನು ನಿಮ್ಮ ಗೆಳೆಯನ ಕಡೆ. 1072ರಲ್ಲಿ ‘ಎಳೆ ವಸಂತ’ ಎಂಬ ಬೆಟ್ಟದ ಚಿತ್ರ ಬರೆದ ಚೀನಾದ ಗುವೊ ಷಿ, ಹೆಜ್ಜೆ ಹೆಜ್ಜೆಗೂ ಬೆಟ್ಟದ ಆಕಾರ ಬದಲಾಗುತ್ತದೆ ಎನ್ನುತ್ತಿದ್ದ. ಬುಡದಿಂದ ತಲೆಯೆತ್ತಿ ಕಂಡದ್ದು, ಸಂದಿನಿಂದ ಹಿಂಬದಿಗೆ ಇಣುಕಿದ್ದು, ದೂರದಿಂದ ದಿಟ್ಟಿಸಿದ್ದು ಎಲ್ಲವೂ ಒಂದೇ ಚಿತ್ರದಲ್ಲಿ ಸೇರಬೇಕು ಅವನಿಗೆ. ಕ್ಯಾಮೆರಾ ಒಂದೇ ಕಡೆ ನಿಂತು ಒಂಟಿ ಕಣ್ಣಲ್ಲಿ ನೋಡುತ್ತದೆ. ನಡೆದವನು ಬೆಟ್ಟದ ಬೆನ್ನನ್ನೂ ಬಲ್ಲ. ಬೆನ್ನು ಚಿತ್ರದಲ್ಲಿ ಕಾಣದಿರಬಹುದು, ಆದರೆ ಅದನ್ನು ಬಲ್ಲವನು ಎಳೆದ ಗೆರೆ ತಡವರಿಸುವುದಿಲ್ಲ.

ಟರ್ನರ್‌ನನ್ನೇ ನೋಡಿ. ಇಂಗ್ಲೆಂಡಿನ ಈ ಚಿತ್ರಕಾರ ಬೇಸಿಗೆ ಬಂತೆಂದರೆ ಊರೂರು ಅಲೆಯಲು ಹೊರಟುಬಿಡುತ್ತಿದ್ದ. ಬಿಟ್ಟುಹೋದ ಸ್ಕೆಚ್ ಪುಸ್ತಕಗಳೇ ಸುಮಾರು 300! ದಾರಿಯಲ್ಲಿ ಪೆನ್ಸಿಲ್ಲಿನ ನಾಲ್ಕು ಗೆರೆ, ಬಣ್ಣ ಹೆಚ್ಚಾಗಿ ಆಮೇಲೆ. ನಡುವೆ ನೆನಪು ಕೆಲಸ ಮಾಡುತ್ತಿತ್ತು.

ನನ್ನದೇ ಒಂದು ಅವಮಾನ ಹೇಳುತ್ತೇನೆ. ಹಿಂದೊಮ್ಮೆ ಫೋಟೊ ನೋಡಿ ಗುಡ್ಡದ ಕಾಲುದಾರಿ ಬರೆದಿದ್ದೆ. ಚಾರಣದ ಹುಚ್ಚಿನ ಗೆಳೆಯನೊಬ್ಬ ನೋಡಿ, “ಇದು ಹತ್ತುವ ದಾರಿಯೋ, ಇಳಿಯುವುದೋ?” ಎಂದ. ನನಗೆ ಗೊತ್ತಿರಲಿಲ್ಲ. ಮಂಡಿ ನೋಯಿಸಿಕೊಂಡಿದ್ದರೆ ತಾನೆ ಗೊತ್ತಾಗುವುದು?

ನಮ್ಮ ಮುಖಪುಟಕ್ಕೆ ಬರುವ ಚಿತ್ರಗಳ ಪಾಡೂ ಅದೇ. ಕಾರು ನಿಲ್ಲಿಸಿದಲ್ಲಿಂದ ಕಂಡ ಕಣಿವೆ, ಅದೇ ಕಿತ್ತಳೆ ಸಂಜೆ. ಒಂದರಲ್ಲೂ ಕೆಸರು ಮೆಟ್ಟಿದ ಗುರುತಿಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಪ್ರವಾಸಿಗಳು ಕಣಿವೆಗೆ ಬೆನ್ನು ಹಾಕಿ, ಕೈಯಲ್ಲಿನ ಕಪ್ಪು ಉಬ್ಬುಗನ್ನಡಿಯಲ್ಲಿ ಅದನ್ನು ನೋಡಿ ಆನಂದಪಡುತ್ತಿದ್ದರಂತೆ. ಈಗ ಕಣಿವೆಗೆ ಬೆನ್ನು ಹಾಕಿ ಸೆಲ್ಫಿ. ಬೆನ್ನು ಮಾತ್ರ ಅದೇ ಬೆನ್ನು.

ಮನೆಯಲ್ಲೇ ಕುಳಿತು ಬರೆದವರಿಲ್ಲವೇ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಬಲ್ಲೆ. ಇದ್ದಾನೆ, ಐದನೇ ಶತಮಾನದ ಚೀನಾದ ಚಿತ್ರಕಾರ ಜೋಂಗ್ ಬಿಂಗ್. ಮುಪ್ಪು, ಕಾಯಿಲೆಯಿಂದ ಕಾಲು ಸೋತಾಗ ಬೆಟ್ಟಗಳನ್ನು ಕೋಣೆಯ ಗೋಡೆಗೆ ಬರೆದುಕೊಂಡು, ಮಲಗಿದಲ್ಲೇ ಸುತ್ತಾಡಿದ. ಆದರೆ ಅವೆಲ್ಲ ಅವನು ಮೊದಲೇ ನಡೆದು ಬಂದಿದ್ದ ಬೆಟ್ಟಗಳು. ನಿಮಗಿನ್ನೂ ಇಪ್ಪತ್ತಾರು.

– ಸಂ.