ಗುಡಾರದೊಳಗಿನ ಆ ಕುಣಿತ

‘ಹ್ಯಾರಿ ಪಾಟರ್ ಅಂಡ್ ದಿ ಡೆತ್ಲಿ ಹ್ಯಾಲೋಸ್’ ಚಿತ್ರದ ಮೊದಲ ಭಾಗದಲ್ಲಿ (2010) ಹ್ಯಾರಿ ಮತ್ತು ಹರ್ಮಯೊನಿ ಗುಡಾರದೊಳಗೆ ಕುಣಿಯುವ ದೃಶ್ಯ ಕಾದಂಬರಿಯಲ್ಲೇ ಇಲ್ಲದಿರುವಾಗ, ಅದು ಅವರಿಬ್ಬರ ಪ್ರೇಮದ ಸುಳಿವಲ್ಲದೆ ಮತ್ತೇನು ಎಂದು ಕೇಳಿದ್ದೀರಿ. ನನಗೆ ಹಾಗೆ ತೋರುವುದಿಲ್ಲ. ಜೊತೆಗಿದ್ದ ಗೆಳೆಯ ರಾನ್ ಸಿಟ್ಟಿನಿಂದ ಹೊರಟುಹೋದ ಬಳಿಕ ಹರ್ಮಯೊನಿ ಅಳುವುದು, ಇಬ್ಬರೂ ಅವನ ಹೆಸರೆತ್ತದೆ ದಿನ ದೂಡುವುದು ಪುಸ್ತಕದಲ್ಲಿ ಹ್ಯಾರಿಯ ಮನಸ್ಸಿನ ಮೂಲಕ ನಮಗೆ ತಿಳಿಯುತ್ತದೆ. ಆ ಅನುಕೂಲವಿಲ್ಲದ ನಿರ್ದೇಶಕ ಡೇವಿಡ್ ಯೇಟ್ಸ್ ಅದನ್ನು ಕಣ್ಣಿಗೆ ಕಾಣಿಸಲೇಬೇಕಿತ್ತು. ನಾಪತ್ತೆಯಾದವರ ಹೆಸರುಗಳಿಗಾಗಿ ರಾನ್ ಕಿವಿಗೊಡುತ್ತಿದ್ದ ರೇಡಿಯೊದಲ್ಲಿ ಈಗ ನಿಕ್ ಕೇವ್ ತಂಡದ ಹಾಡು ಬರುತ್ತದೆ. ಅವಳ ಕೈಹಿಡಿದು ಎಬ್ಬಿಸಿದ ಹ್ಯಾರಿ ಕುಣಿಯುವ ಮುನ್ನ ಅವಳ ಕೊರಳಿನ ಲಾಕೆಟ್ಟನ್ನು, ಅಂದರೆ ಖಳ ಮಾಂತ್ರಿಕನ ಆತ್ಮದ ತುಣುಕನ್ನು ಅಡಗಿಸಿಕೊಂಡು ಮೂವರ ಮನಸ್ಸನ್ನೂ ಕೆಡಿಸಿದ್ದ ಆ ಹಾರ್‌ಕ್ರಕ್ಸನ್ನು, ತೆಗೆದಿಡುತ್ತಾನೆ. ಅವನ ಕುಣಿತವೋ, ನಗು ತರಿಸುವಷ್ಟು ಒಡ್ಡೊಡ್ಡು (ಅದೇ ಅದರ ಸೊಗಸು). ಹಾಡು ಮುಗಿಯುತ್ತಲೇ ಅವಳ ನಗು ಮಾಸುತ್ತದೆ, ಅವಳು ಸರಿದುಹೋಗುತ್ತಾಳೆ. ಕೊನೆಯ ನೋಟ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬ ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಮುಂದೆ ಲಾಕೆಟ್ಟು ಮರಳಿ ಬಂದ ರಾನ್‌ನ ಎದುರು ಅವರಿಬ್ಬರ ಆಲಿಂಗನದ ಮಾಯಾಚಿತ್ರವನ್ನು ಮೂಡಿಸಿ ಅವನನ್ನು ಕಾಡುವಾಗ, ಅವನ ಸಂಶಯ ಪೂರ್ತಿ ಹುಚ್ಚಲ್ಲ ಎಂದು ಪ್ರೇಕ್ಷಕನಿಗೆ ಅನ್ನಿಸಲು ಆ ನೋಟ ಬೇಕಾಗಿತ್ತು.